ಇಲಿ ತಿಂದ ಕಿವಿ

ಕಾರ್ಟೂನುಗಳ ಬಗ್ಗೆ ಶಿವಯೋಗಿಗೆ ಇದ್ದಷ್ಟು ಅಭಿಪ್ರಾಯ ಹರಪನಹಳ್ಳಿ ತಾಲ್ಲೂಕಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ. ಮೀಸೆ ಬಂದು, ಮನೆಯಲ್ಲಿ ಹೆಣ್ಣು ನೋಡುವ ಮಾತು ಶುರುವಾಗಿ, ಹಗಲೆಲ್ಲ ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ ಹೊಡೆಯುವ ಗಂಡಸು, ಸಂಜೆ ರೂಮಿಗೆ ಬಂದವನೇ ಮಕ್ಕಳ ಚಾನಲ್ ಹಾಕುತ್ತಿದ್ದ. ಹಾಕಿ ಸುಮ್ಮನೆ ನೋಡುತ್ತಿದ್ದನೇ? ಅದೂ ಇಲ್ಲ, ಪ್ರತಿಯೊಂದಕ್ಕೂ ತಕರಾರು. ಕಾರ್ಟೂನಿನ ಊರುಗಳಲ್ಲಿ ಒಂದು ಗುಡ್ಡ, ಒಂದು ಹೊಳೆ, ಒಂದು ಲಾಡಿನ ಅಂಗಡಿ ಇರುತ್ತದೆ, ಬಸ್‌ಸ್ಟ್ಯಾಂಡ್ ಯಾಕಿಲ್ಲ? ಬಸ್‌ಸ್ಟ್ಯಾಂಡ್ ಇಲ್ಲದ್ದು ಊರು ಹೇಗಾಗುತ್ತದೆ? ಹೀರೋ ಹುಡುಗ ವರ್ಷಗಟ್ಟಲೆ ಅದೇ ಅಂಗಿಯಲ್ಲಿ ಓಡಾಡುತ್ತಾನಲ್ಲ, ಅವನ ತಾಯಿ ಏನು ಮಾಡುತ್ತಿದ್ದಾಳೆ? ಕನ್ನಡಕ್ಕೆ ಡಬ್ ಮಾಡುವಾಗ ರಾಜನೂ ವಿಜ್ಞಾನಿಯೂ ಬೆಂಗಳೂರಿನ ಕನ್ನಡ ಮಾತಾಡಿ, ಕಳ್ಳ ಮತ್ತು ಅಡುಗೆಭಟ್ಟ ಮಾತ್ರ ನಮ್ಮ ಕಡೆಯ ಕನ್ನಡ ಮಾತಾಡುವುದು ಯಾವ ಊರಿನ ನ್ಯಾಯ? ಈ ಕೊನೆಯ ತಕರಾರು ಹೇಳುವಾಗ ಅವನಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ನಮ್ಮನ್ನು ನೋಡಿ ನಗುವುದಕ್ಕೇ ಇಟ್ಟಿದ್ದಾರೆ ಎಂದು ಟಿವಿಯ ಮುಂದೆಯೇ ಬೈಯುತ್ತಿದ್ದ.

ರೂಮಿನ ಜೊತೆಗಾರ ಮೈಲಾರೇಶ ಫೋನ್ ರಿಪೇರಿ ಅಂಗಡಿಯಲ್ಲಿದ್ದವನು. ಇದನ್ನೆಲ್ಲ ದಿನಾ ಕೇಳಿ ಕೇಳಿ ಸಾಕಾಗಿ, ನನ್ನೊಬ್ಬನ ತಲೆ ಯಾಕೆ ತಿನ್ನುತ್ತಿ, ಊರಿನ ತಲೆ ತಿನ್ನು ಎಂದು ಫೋನನ್ನು ಸ್ಟ್ಯಾಂಡಿಗೆ ಹಚ್ಚಿ ಕೂರಿಸಿದ. ಹಾಗೆ ಹುಟ್ಟಿದ್ದು ‘ಮಂಡಕ್ಕಿ ಮಾತು’ ಚಾನಲ್. ಮುಂದೆ ಒಂದು ಪ್ಲೇಟು ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮಿರ್ಚಿ. ತಿನ್ನುತ್ತ ತಿನ್ನುತ್ತ ಶಿವಯೋಗಿ ಅಭಿಪ್ರಾಯ ಹೇಳುವುದು. ಒಳ್ಳೆಯ ಕಾರ್ಟೂನಿಗೆ ಐದು ಮಿರ್ಚಿ, ನಡುವಿನದಕ್ಕೆ ಎರಡು, ಕೆಟ್ಟದ್ದಕ್ಕೆ ಬರೀ ತೊಟ್ಟು. ತೊಟ್ಟನ್ನು ಕ್ಯಾಮೆರಾದ ಹತ್ತಿರ ಹಿಡಿದು ಅಲ್ಲಾಡಿಸುವಾಗ ಅವನ ಮುಖ ನೋಡಬೇಕು ನೀವು. ಕೊಟ್ಟೂರು, ಹಡಗಲಿ, ಕೂಡ್ಲಿಗಿಯ ಹುಡುಗರೆಲ್ಲ ಅವನಂತೆಯೇ ತೊಟ್ಟು ಅಲ್ಲಾಡಿಸಲು ಕಲಿತರು. ಕಾರ್ಟೂನು ಮುಗಿದರೆ ಸೀರಿಯಲ್, ಸೀರಿಯಲ್ ಮುಗಿದರೆ ಸಿನಿಮಾದ ಟ್ರೇಲರ್. ಮಲಗುವಾಗಲೂ ಒಡವೆ ಬಿಚ್ಚದ ಸೀರಿಯಲ್ ಅತ್ತೆಯರಿಗೆ ಕಿವಿ ಹರಿಯುವುದಿಲ್ಲವೇ ಎಂದು ಅವನು ಕೇಳಿದ್ದಕ್ಕೆ ಊರಿನ ಅತ್ತೆಯರೇ ನಕ್ಕಿದ್ದರು.

ಆಮೇಲೆ ಮಕ್ಕಳು ತಾವೇ ಬಿಡಿಸಿದ ಕಾರ್ಟೂನುಗಳನ್ನು ಕಳಿಸತೊಡಗಿದರು. ಭಾನುವಾರ ಅದಕ್ಕೆಂದೇ ಒಂದು ವಿಡಿಯೋ. ಮೊದಮೊದಲು ಶಿವಯೋಗಿ ಎಲ್ಲವನ್ನೂ ಹೊಗಳಿದ, ಯಾರೂ ನೋಡಲಿಲ್ಲ. ಒಂದು ಸಲ ಒಬ್ಬ ಹುಡುಗನ ಹುಲಿಯನ್ನು ನೋಡಿ ಇದು ಹುಲಿಯೋ, ತೊಳೆದು ಒಣಹಾಕಿದ ಟವೆಲ್ಲೋ ಅಂದ. ಜನ ಮುಗಿಬಿದ್ದು ನೋಡಿದರು. ಜನ ಹಾಗಿರುವುದು ಅವನ ತಪ್ಪಲ್ಲ. ಅದನ್ನು ನೋಡಿ ಪಾಠ ಕಲಿತದ್ದು ಮಾತ್ರ ಅವನೇ.

ಒಂದು ಭಾನುವಾರ ಬಂದ ಚಿತ್ರಗಳಲ್ಲಿ ಒಂದಕ್ಕೆ ಬಿಡಿಸಿದವರ ಹೆಸರಿರಲಿಲ್ಲ, ನಂಬರೂ ಗೊತ್ತಿಲ್ಲದ್ದು. ಒಂದೇ ಹಾಳೆಯಲ್ಲಿ ನಾಲ್ಕು ಚೌಕ, ನಾಲ್ಕರಲ್ಲೂ ಭಂಡಾರಿ ಎಂಬ ಒಂದು ದಪ್ಪ ಟಗರು. ಹಣೆಯ ತುಂಬ ಅರಿಶಿನ, ಎಡಗಿವಿಯಲ್ಲಿ ಕತ್ತರಿಸಿ ತೆಗೆದಂಥ ಕಚ್ಚು. ಟಗರು ಮನೆಯಿಂದ ಮನೆಗೆ ಹೋಗುತ್ತದೆ. ಯಾವ ಬಾಗಿಲಲ್ಲಿ ನಿಂತು ಕಾಳು ತಿನ್ನುತ್ತದೋ ಆ ಮನೆಯಲ್ಲಿ ಮಲಗಿದವರು ಎದ್ದು ಕೂರುತ್ತಾರೆ. ಕೊನೆಯ ಚೌಕದಲ್ಲಿ ಕಾಲಿಗೆ ಪಟ್ಟಿ ಕಟ್ಟಿದ ಮನುಷ್ಯನೊಬ್ಬ ಎದ್ದು ನಿಂತು ಟಗರಿಗೆ ಕೈಮುಗಿಯುತ್ತಿದ್ದ. ಶಿವಯೋಗಿ ಅವನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

ಕಿವಿಯನ್ನು ಮಾತ್ರ ನೋಡಿದ. ನೋಡಿದ ಕೂಡಲೇ ಅದೇನೆಂದು ಅವನಿಗೆ ತಿಳಿಯಿತು. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಅವನ ಹೊಟ್ಟೆಯಲ್ಲಿ ಕೂತು ಕೊರೆದದ್ದು ಇದೇ. ಅವನದು ಕುರಿ ಕಾಯುವ ಮನೆತನ. ಮನೆಯಲ್ಲಿ ಒಬ್ಬರ ಜೀವಕ್ಕೆ ಬಂದರೆ ಹಿಂಡಿನಲ್ಲಿ ಚೆನ್ನಾಗಿರುವ ಗಂಡುಮರಿಯನ್ನು ಹಿಡಿದು, ಎಡಗಿವಿಗೆ ಕಚ್ಚು ಹಾಕಿ, ಹಣೆಗೆ ಭಂಡಾರದ ಅರಿಶಿನ ಬಳಿದು ದೇವರಿಗೆ ಬಿಡುತ್ತಾರೆ. ಅವತ್ತಿನಿಂದ ಆ ಮರಿಯನ್ನು ಯಾರೂ ಮಾರುವಂತಿಲ್ಲ, ಕಟ್ಟುವಂತಿಲ್ಲ, ಬಾಗಿಲಿಗೆ ಬಂದರೆ ಹೊಡೆದಟ್ಟುವಂತಿಲ್ಲ. ಹಿಂದೊಮ್ಮೆ ಕೊಟ್ಟೂರಿನ ದಾರಿಯಲ್ಲಿ ಬೈಕ್ ಲಾರಿಗೆ ಬಡಿದು ಶಿವಯೋಗಿ ದಾವಣಗೆರೆಯ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ, ಅವನ ಅಕ್ಕ ದ್ಯಾಮಕ್ಕ ತನ್ನ ಹಿಂಡಿನ ಒಂದು ಮರಿಯನ್ನು ತಮ್ಮನ ಹೆಸರಿನಲ್ಲಿ ಹಾಗೆಯೇ ಬಿಟ್ಟಿದ್ದಳು. ಆ ಮರಿ ಈಗ ದೊಡ್ಡ ಟಗರಾಗಿ ನೀಲಗುಂದದ ಆಚೆಯ ಅವಳ ಹಟ್ಟಿಯಲ್ಲಿ ಓಡಾಡಿಕೊಂಡಿತ್ತು.

ಮೈಲಾರೇಶ ಕುರಿ ಕಾಯುವವರ ಮನೆಯವನಲ್ಲ. ಚಿತ್ರ ನೋಡಿ, ಇದರ ಕಿವಿ ಯಾಕೆ ಹಿಂಗೈತಿ, ಏನಾದರೂ ಅರ್ಥ ಐತೇನು ಎಂದು ಕೇಳಿದ. ಏನೂ ಇಲ್ಲ, ಬಿಡಿಸಾಕ ಬಂದಿಲ್ಲ ಅಂದ ಶಿವಯೋಗಿ. ಅಷ್ಟರಲ್ಲಿ ಅವನಿಗೆ ನಗೆಮಾತು ಹೊಳೆದಾಗಿತ್ತು. ಹೊಳೆದ ಮಾತನ್ನು ನುಂಗಿಕೊಳ್ಳುವ ಜಾತಿಯವನಲ್ಲ ಅವನು.

ವಿಡಿಯೋದಲ್ಲಿ ಭಂಡಾರಿಯ ಪಾಡು ಕೇಳಬೇಡಿ. ಈ ಕಿವಿ ಇಲಿ ತಿಂದ ಕಿವಿ ಅಂದ. ಮುಖಕ್ಕೆ ಇಷ್ಟು ಅರಿಶಿನ ಬಳಿದುಕೊಂಡು ಯಾರ ಮದುವೆಗೆ ಹೊರಟಿದ್ದಾನೆ ಹೀರೋ ಎಂದು ಕೇಳಿದ. ಹಾರಲು ಬರುವುದಿಲ್ಲ, ಗುದ್ದಲು ಬರುವುದಿಲ್ಲ, ಬಾಗಿಲು ಬಾಗಿಲಿಗೆ ಹೋಗಿ ತಿನ್ನುವುದೇ ಇವನ ಶಕ್ತಿ; ಇಂಥ ಹೀರೋಗಳು ನಮ್ಮ ಬೀದಿಯಲ್ಲೂ ಇದ್ದಾರೆ ಅಂದ. ಕೊನೆಗೆ ತೊಟ್ಟನ್ನೂ ಕೊಡದೆ, ತೊಟ್ಟಿನ ತುದಿಯನ್ನು ಉಗುರಿನಿಂದ ಚಿವುಟಿ ತೋರಿಸಿ, ಇಷ್ಟು ಸಾಕು, ಇಲಿ ಬಿಟ್ಟಿದ್ದು ಅಂದ. ಮೈಲಾರೇಶನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆವರೆಗೆ ಬಂದ ವಿಡಿಯೋಗಳಲ್ಲೆಲ್ಲ ಜನ ಮುಗಿಬಿದ್ದು ನೋಡಿದ್ದು ಅದನ್ನೇ. ರಾತ್ರಿ ಬೆಳಗಾಗುವುದರೊಳಗೆ ‘ಇಲಿ ತಿಂದ ಕಿವಿ’ ಎಂಬ ಅವನ ಧ್ವನಿಯನ್ನು ಕತ್ತರಿಸಿ ಯಾರ್ಯಾರೋ ತಮ್ಮ ನಾಯಿಗೆ, ಬೆಕ್ಕಿಗೆ, ಮಾವನಿಗೆ ಹಚ್ಚಿ ಹಾಕಿದ್ದರು.

ಸೋಮವಾರ ಸಂಜೆ, ಅಂಗಡಿಯಲ್ಲಿ ಲಾರಿಗಳ ಗದ್ದಲದ ನಡುವೆ, ಚಿತ್ರ ಬಂದ ನಂಬರಿನಿಂದಲೇ ಫೋನು ಬಂತು. ಅಕ್ಕನ ಊರಿನ ಶಾಲೆಯ ಪುಷ್ಪಲತಾ ಟೀಚರ್. ಆ ಚಿತ್ರ ಬಿಡಿಸಿದ್ದು ನಿಮ್ಮ ಅಕ್ಕನ ಮಗಳು ಶೃತಿ, ಕಳಿಸಿದ್ದು ನಾನು ಅಂದರು. ಹೆಸರು ಹಾಕಬೇಡಿರಿ ಟೀಚರ್, ಹೆಸರು ಕಂಡರೆ ಮಾಮ ತನ್ನವಳು ಅಂತ ಹೊಗಳಿಬಿಡ್ತಾನೆ, ನನಗೆ ಅವನ ಖರೇ ಅಭಿಪ್ರಾಯ ಬೇಕು ಎಂದು ಹುಡುಗಿಯೇ ಹೇಳಿದ್ದಳಂತೆ. ಆದರೆ ಗೆಳತಿಯರ ಮುಂದೆ ಮಾತ್ರ ಹೇಳಿಕೊಂಡು ತಿರುಗಿದ್ದಳಂತೆ. ಹಾಗಾಗಿ ಮಕ್ಕಳೆಲ್ಲ ಹಟ ಹಿಡಿದು, ಊಟದ ಬಿಡುವಿನಲ್ಲಿ ಕ್ಲಾಸಿನ ಟಿವಿಯಲ್ಲೇ ಆ ವಿಡಿಯೋ ಹಾಕಿಸಿಕೊಂಡಿದ್ದರು.

ಶಿವಯೋಗಿ ಫೋನನ್ನು ಕಿವಿಗೊತ್ತಿಕೊಂಡು ಲಾರಿಗಳ ಆಚೆಗೆ ನಡೆದ. ಏನು ಕೇಳಬೇಕೋ ತಿಳಿಯದೆ, ಪೂರ್ತಿ ನೋಡಿದರೇನು ಎಂದು ಕೇಳಿದ.

“ಅರ್ಧಕ್ಕ ಬಂದ್ ಮಾಡಾಕ ಹೋದ್ನಿರಿ,” ಅಂದರು ಟೀಚರ್. “ಆಕೀನ ಬ್ಯಾಡ ಟೀಚರ್, ಪೂರ್ತಿ ನೋಡೂಣು, ಕೊನೀಗೆ ಮಾಮ ಚೊಲೋ ಹೇಳ್ತಾನ ಅಂದ್ಳು.”

ಬೈಯಲಿಲ್ಲ ಟೀಚರ್. ಬೈದಿದ್ದರೆ ಚೆನ್ನಾಗಿತ್ತು. ರೂಮಿಗೆ ಹೋಗಿ ಅವನು ಮೊದಲು ಮಾಡಿದ ಕೆಲಸ ವಿಡಿಯೋ ತೆಗೆದುಹಾಕಿದ್ದು; ಆಮೇಲೆ ಆ ನಾಲ್ಕು ಚೌಕಗಳನ್ನು ತೆರೆದು ಕೂತ. ಕಾಲಿಗೆ ಪಟ್ಟಿ ಕಟ್ಟಿದ ಮನುಷ್ಯನಿಗೆ ಇವನದೇ ಮೀಸೆ ಇತ್ತು. ಇವನದೇ ಗೀರಿನ ಅಂಗಿ ಇತ್ತು, ಆಸ್ಪತ್ರೆಯಿಂದ ಮನೆಗೆ ಬಂದ ದಿನ ಹಾಕಿಕೊಂಡಿದ್ದದ್ದು. ಥೂ ನಿನ್ನ, ಎಂದು ಅವನು ತನಗೆ ತಾನೇ ಬಾಯಿಬಿಟ್ಟು ಬೈದುಕೊಂಡ.

ಆ ಕೂಡಲೇ ಹೋಗಬೇಕಿತ್ತು. ಹೋಗಲಿಲ್ಲ. ಸುಗ್ಗಿಯ ಕಾಲ, ಅಂಗಡಿಯಲ್ಲಿ ರಜೆ ಸಿಗುವುದಿಲ್ಲ ಅಂದುಕೊಂಡ. ರಜೆ ಅವನು ಕೇಳಲೇ ಇಲ್ಲ. ಅಕ್ಕನಿಗೆ ಫೋನು ಮಾಡಲು ಎಷ್ಟೋ ಸಲ ತೆಗೆದು ಇಟ್ಟ. ಕ್ಷಮೆ ಕೇಳಿ ಒಂದು ವಿಡಿಯೋ ಹಾಕಿಬಿಡು, ಅದೂ ಚೆನ್ನಾಗಿ ಓಡುತ್ತದೆ ಎಂದು ಮೈಲಾರೇಶ ಸಲಹೆ ಕೊಟ್ಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಓಡುತ್ತದೆ ಎಂಬ ಮಾತು ಕೇಳಿ ಶಿವಯೋಗಿ ಎದ್ದು ಹೊರಗೆ ಹೋದ. ಅಂಗಡಿಗೆ ಮೆಕ್ಕೆಜೋಳ ತಂದ ರೈತರ ಮಕ್ಕಳು ಅವನನ್ನು ಗುರುತು ಹಿಡಿದು, ಅಣ್ಣ ಒಂದ್ಸಲ ಇಲಿ ತಿಂದ ಕಿವಿ ಅನ್ನಣ್ಣ ಎಂದು ಗೋಗರೆಯುತ್ತಿದ್ದರು. ಅವನು ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿಕೊಳ್ಳುತ್ತಿದ್ದ.

ಕೊನೆಗೂ ಭಾನುವಾರ ಹೊರಟ. ನೀಲಗುಂದದಲ್ಲಿ ಭೀಮೇಶ್ವರನ ಗುಡಿಯ ಹತ್ತಿರ ಬಸ್ಸಿಳಿದು, ಒಳದಾರಿ ಹಿಡಿದು ಹಟ್ಟಿಗೆ ನಡೆದ. ಅಕ್ಕನ ಗಂಡ ಗಾದೆಪ್ಪ ಹಿಂಡು ಹೊಡೆದುಕೊಂಡು ಮಾಗಳದ ಹೊಳೆ ಕಡೆ ಹೋಗಿದ್ದ. ದ್ಯಾಮಕ್ಕ ಒಬ್ಬಳೇ ಅಂಗಳದಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದಳು. ತಮ್ಮನನ್ನು ಕಂಡದ್ದೇ ಅವಳ ಮುಖ ಅರಳಿತು. ನೀರು ಕೊಟ್ಟಳು, ಚಾಕ್ಕೆ ಇಟ್ಟಳು, ಸೊರಗಿದ್ದಾನೆಂದು ಗದರಿದಳು. ಅವಳದು ಹಳೆಯ ಬಟನ್ ಫೋನು, ವಿಡಿಯೋ ಗಿಡಿಯೋ ಅವಳಿಗೆ ಗೊತ್ತಿಲ್ಲ. ಹುಡುಗಿ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಹೇಳಿದ್ದರೆ ಹೀಗೆ ಕೇಳುತ್ತಿರಲಿಲ್ಲ ಅವಳು. ಚಾ ಕೈಗಿಟ್ಟು, ಮತ್ತೆ ಮೊರ ಹಿಡಿದು, ದನಿ ತಗ್ಗಿಸಿ, ಶೃತಿಗೆ ಏನೋ ಆಗಿದೆ, ದೇವರ ಟಗರಿನ ಕಿವಿಗೆ ತನ್ನ ಜಡೆಯ ರಿಬ್ಬನ್ ಕಟ್ಟಿ ಇಡುತ್ತಾಳೆ, ದೇವರ ಗುರುತು ಮುಚ್ಚಬಾರದು ಅಂದರೂ ಕೇಳುವುದಿಲ್ಲ, ಬಿಚ್ಚಿದರೆ ಮತ್ತೆ ಕಟ್ಟುತ್ತಾಳೆ, ಸಾಲಿ ಹುಡುಗರು ಯಾರೋ ನಕ್ಕರಂತೆ ಅಂದಳು. “ನಿನ್ನ ಮಾತಂದ್ರ ಆಕಿಗೆ ದೊಡ್ಡದು ಯೋಗಿ. ನೀನ ಒಂದೀಟು ಬುದ್ಧಿ ಹೇಳು.”

ಚಾ ಲೋಟ ಅವನ ಕೈಯಲ್ಲೇ ಉಳಿಯಿತು. ಸುಳ್ಳು ಹೇಳಲು ದಾರಿ ಬೇಕಾದಷ್ಟು ಇತ್ತು, ಅಕ್ಕನೇ ತೆರೆದುಕೊಟ್ಟಿದ್ದಳು. ಆದರೆ ಅವಳ ಮುಖ ನೋಡಿ ಅವನಿಗೆ ಆಗಲಿಲ್ಲ.

“ಮೊದಲು ನಕ್ಕಾಂವ ನಾನ ಅಕ್ಕ,” ಅಂದ. ಹೇಗೆ, ಎಲ್ಲಿ, ಎಷ್ಟು ಜನರ ಮುಂದೆ ಎಂಬುದನ್ನೆಲ್ಲ ತಲೆ ಬಗ್ಗಿಸಿಕೊಂಡೇ ಹೇಳಿದ.

ದ್ಯಾಮಕ್ಕ ಮೊರವನ್ನು ನೆಲಕ್ಕಿಟ್ಟಳು. “ಅದು ಏನು ಕಿವಿ ಅಂತ ಗೊತ್ತಿದ್ದೂ ನಕ್ಕಿಯೇನು?”

“ಗೊತ್ತಿತ್ತು.”

ಅವಳು ಸೆರಗು ಸರಿಮಾಡಿಕೊಂಡು ಎದ್ದು, ರೊಟ್ಟಿ ಆರುತ್ತದೆ, ಕೈ ತೊಳಿ ಎಂದು ಒಳಗೆ ಹೋದಳು. ತಟ್ಟೆಯಲ್ಲಿ ಎಂದಿನಂತೆ ಬೆಣ್ಣೆ ಇತ್ತು, ಅವನಿಗಿಷ್ಟದ ಪುಂಡಿಪಲ್ಯ ಇತ್ತು. ಆ ರೊಟ್ಟಿಯನ್ನು ಅವನು ಹೇಗೆ ನುಂಗಿದನೋ ಅವನಿಗೇ ಗೊತ್ತು.

ಸಂಜೆ ಶೃತಿ ಗೆಳತಿಯ ಮನೆಯಿಂದ ಬಂದಳು. ಮಾಮನನ್ನು ನೋಡಿ ಅಳುತ್ತಾಳೆ, ಮುನಿಸಿಕೊಳ್ಳುತ್ತಾಳೆ ಎಂದು ಅವನು ಎದೆ ಗಟ್ಟಿಮಾಡಿಕೊಂಡಿದ್ದ. ಅವಳು ಒಳಗೆ ಓಡಿ, ಶಾಲೆಯ ಚೀಲದಿಂದ ಒಂದು ಹಾಳೆ ತಂದು ಅವನ ತೊಡೆಯ ಮೇಲಿಟ್ಟಳು. ಅದೇ ನಾಲ್ಕು ಚೌಕಗಳಲ್ಲಿ ಭಂಡಾರಿಯನ್ನು ಹೊಸದಾಗಿ ಬಿಡಿಸಿದ್ದಳು. ಎರಡೂ ಕಿವಿ ನೆಟ್ಟಗೆ, ಚೂಪಾಗಿ, ಪೂರ್ತಿ ಇದ್ದವು. ಹಣೆಯಲ್ಲಿ ಅರಿಶಿನವಿಲ್ಲ. ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಟಗರು ಗುಡ್ಡ, ಹೊಳೆ, ಲಾಡಿನ ಅಂಗಡಿಗಳ ಮೇಲೆ ಹಾರುತ್ತಿತ್ತು, ಕಳ್ಳನಿಗೆ ಗುದ್ದುತ್ತಿತ್ತು. ಮಾಮ ಹೇಳಿದ ಒಂದೊಂದು ತಪ್ಪನ್ನೂ ಅವಳು ನೆನಪಿಟ್ಟುಕೊಂಡು ತಿದ್ದಿದ್ದಳು. ಟಿವಿಯಲ್ಲಿ ಬರುವ ಹತ್ತಾರು ಕಾರ್ಟೂನುಗಳಲ್ಲಿ ಇದೂ ಒಂದಾಗಿತ್ತು.

“ನೀ ಹೇಳಿದಂಗ ಮಾಡೀನಿ. ಈಗ ಎಷ್ಟು ಮಿರ್ಚಿ ಕೊಡ್ತಿ ಮಾಮ?”

ಅವನು ಹಾಳೆಯನ್ನು ಕೈಗೆತ್ತಿಕೊಂಡ. ಮೊದಲಿನ ಚಿತ್ರವೇ ಚೆನ್ನಾಗಿತ್ತು, ತಪ್ಪು ಹೇಳಿದ್ದು ನಾನು ಅಂದ. ಅವಳು ನಂಬಲಿಲ್ಲ, ಈಗ ಗೊತ್ತಾಯಿತಲ್ಲ ನಾನು ಅಂತ, ಅದಕ್ಕೆ ಹಾಗಂತಿ ಅಂದಳು. ಅವನು ಕೊನೆಯ ಚೌಕದ ಮೇಲೆ ಬೆರಳಿಟ್ಟು, ಇಲ್ಲಿದ್ದ ಮನುಷ್ಯ ಎಲ್ಲಿ ಹೋದ ಎಂದು ಕೇಳಿದ.

“ಅಂವನ್ನ ತಗದೆ,” ಅಂದಳು ಶೃತಿ. “ಕಿವಿ ಕತ್ತರಿಸಿಲ್ಲ ಅಂದಮ್ಯಾಲ ಅಂವ ಹೆಂಗ ಎದ್ದು ನಿಲ್ತಾನ?”

ಕೊಂಕಿನಿಂದ ಅಂದದ್ದಲ್ಲ. ಕಥೆ ಸರಿಹೋಗಬೇಕಲ್ಲ ಎಂದು ಯೋಚಿಸಿ ಅಂದದ್ದು. ಅಷ್ಟರಲ್ಲಿ ಅಂಗಳಕ್ಕೆ ಟಗರು ಬಂತು. ದ್ಯಾಮಕ್ಕ ಎದ್ದು ಅದರ ಮುಂದೆ ಒಂದು ಹಿಡಿ ಕಾಳು ಸುರಿದಳು. ಎಡಗಿವಿಗೆ ಶಾಲೆಯ ನೀಲಿ ರಿಬ್ಬನನ್ನು ಹೂವಿನಂತೆ ಗಂಟು ಹಾಕಿ ಕಟ್ಟಿತ್ತು; ಕಚ್ಚು ಕಾಣುತ್ತಿರಲಿಲ್ಲ. ಬೆಳಿಗ್ಗೆ ಇದು ಶಾಲೆಯವರೆಗೂ ತನ್ನ ಹಿಂದೆಯೇ ಬರುತ್ತದೆ, ಬೇಡ ಅಂದರೂ ಕೇಳುವುದಿಲ್ಲ, ಹುಡುಗರು ಗೇಟಿನಲ್ಲೇ ನಿಂತು ಕೂಗುತ್ತಾರೆ ಎಂದು ಶೃತಿ ಹೇಳಿದಳು. ಟಗರಿಗೆ ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ. ಅವಳಾದರೂ ಏನು ಮಾಡಬೇಕು?

ನಾಳೆ ನಾನೂ ಬರುತ್ತೇನೆ, ರಿಬ್ಬನ್ ಬಿಚ್ಚಿ ಎಲ್ಲರ ಮುಂದೆ ನಾನೇ ಹೇಳುತ್ತೇನೆ ಅಂದ ಶಿವಯೋಗಿ. ಶೃತಿ ಅವನ ಮುಖವನ್ನೇ ನೋಡಿದಳು. ಆ ಕಣ್ಣಲ್ಲಿ ಆಸೆ ಮೂಡಿದ್ದು ಅವನಿಗೆ ಕಂಡಿತು.

“ನೀ ಹೇಳಿದ್ರ ಕೇಳ್ತಾರ ಮಾಮ,” ಅಂದಳು. “ನಿನ್ನ ಮಾತು ಎಲ್ಲಾರೂ ಕೇಳ್ತಾರ.”

ಸೋಮವಾರ ಬೆಳಿಗ್ಗೆ ಅಂಗಡಿಯ ಚಿಂತೆ ಬಿಟ್ಟು ಅವನು ಅವಳ ಜೊತೆ ಹೊರಟ. ಅಂಗಳದಲ್ಲೇ ರಿಬ್ಬನ್ ಬಿಚ್ಚಿ ಕೈಗೆ ಸುತ್ತಿಕೊಂಡ. ಕಚ್ಚಿನ ಅಂಚು ಒಣಗಿ ಗಟ್ಟಿಯಾಗಿತ್ತು; ಬೆರಳಾಡಿಸಿದರೆ ಟಗರು ಸುಮ್ಮನೆ ನಿಂತಿತ್ತು. ದ್ಯಾಮಕ್ಕ ಭಂಡಾರ ತಂದು ಅದರ ಹಣೆಗೆ ಹಚ್ಚಿದಳು, ಅದೇ ಕೈಯಿಂದ ತಮ್ಮನ ಹಣೆಗೂ ಹಚ್ಚಿದಳು. ದಾರಿಯುದ್ದಕ್ಕೂ ಶೃತಿ ಅವನ ಕಿರುಬೆರಳು ಹಿಡಿದುಕೊಂಡಿದ್ದಳು, ಟಗರು ಹಿಂದೆ ಬರುತ್ತಿತ್ತು. ಏನು ಹೇಳಬೇಕೆಂದು ಅವನು ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದ.

ಗೇಟಿನ ಹತ್ತಿರ ಹುಡುಗರು ಅವನನ್ನು ಕಂಡದ್ದೇ ತಡ, ಮಂಡಕ್ಕಿ ಮಾತಿನ ಅಣ್ಣ ಬಂದ ಎಂದು ಮುತ್ತಿಕೊಂಡರು. ಒಬ್ಬ ಕಡ್ಡಿ ಹಿಡಿದು ತೊಟ್ಟಿನಂತೆ ಅಲ್ಲಾಡಿಸಿದ. ಟಗರನ್ನು ನೋಡಿದ ಕೂಡಲೇ ಎಲ್ಲರೂ ಒಟ್ಟಿಗೆ, ಅವನದೇ ಧಾಟಿಯಲ್ಲಿ, ಅವನಂತೆಯೇ ಕೊನೆಯಲ್ಲಿ ಮೂಗಿನಿಂದ ಎಳೆದು, ಇಲಿ ತಿಂದ ಕಿವಿ ಅಂದರು. ಪ್ರೀತಿಯಿಂದಲೇ ಅಂದರು ಅವರು, ಅವನನ್ನು ಖುಷಿಪಡಿಸಲು. ಶಿವಯೋಗಿ ಕೈ ಎತ್ತಿ ಸುಮ್ಮನಾಗಿಸಿದ. ಜೋಡಿಸಿಟ್ಟುಕೊಂಡದ್ದೆಲ್ಲ ಮರೆತುಹೋಯಿತು.

“ಇದು ಇಲಿ ತಿಂದಿದ್ದಲ್ಲ,” ಅಂದ. “ನಾನು ಸಾಯಾಕ ಬಿದ್ದಿದ್ದೆ. ನಾನು ಉಳೀಲಿ ಅಂತ ನಮ್ಮಕ್ಕ ಇದರ ಕಿವಿ ಕತ್ತರಿಸಿ ದೇವರಿಗೆ ಬಿಟ್ಲು. ನಾನು ಇಲ್ಲಿ ನಿಂತೀನಿ ಅಂದ್ರ ಈ ಕಿವಿಯಿಂದ.”

ಹಣೆಯ ತುಂಬ ಅರಿಶಿನ ಬಳಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಟಗರಿನ ಪಕ್ಕ ನಿಂತ ಅವನನ್ನು ಎಲ್ಲರೂ ನೋಡಿದರು. ಅಣ್ಣ ಇನ್ನೇನು ನಗೆಮಾತು ಹೇಳುತ್ತಾನೆ ಎಂದು ಕಾಯುತ್ತಿದ್ದರು. ಅವನು ಏನೂ ಹೇಳದೆ ನಿಂತಾಗ, ಅದೇ ನಗೆಮಾತು ಎಂದು ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಯಾರ ಮದುವೆಗೆ ಹೊರಟೀರಿ ಅಣ್ಣ ಎಂದು ಒಬ್ಬಳು ಅವನದೇ ಮಾತನ್ನು ಅವನ ಹಣೆಗೆ ಬೆರಳು ತೋರಿಸಿ ಕೇಳಿದಳು. ಇಲ್ಲ, ಖರೇನ ಹೇಳಾಕತ್ತೀನಿ, ದೇವರಾಣೆ ಎಂದು ಅವನು ದನಿ ಎತ್ತಿದಷ್ಟೂ ನಗು ಏರಿತು. ಇಷ್ಟು ದಿನ ಏನು ಹೇಳಿದರೂ ನಗಬೇಕೆಂದು ಅವರಿಗೆ ಕಲಿಸಿದವನು ಅವನೇ ಅಲ್ಲವೇ?

ಶೃತಿ ನಗಲಿಲ್ಲ, ಅಳಲೂ ಇಲ್ಲ. ಅವನ ಕಿರುಬೆರಳು ಬಿಟ್ಟು, ಅವನ ಇನ್ನೊಂದು ಕೈಗೆ ಸುತ್ತಿದ್ದ ರಿಬ್ಬನನ್ನು ಮೆಲ್ಲಗೆ ಬಿಚ್ಚಿಕೊಂಡಳು. ಮೊಣಕಾಲೂರಿ ಕೂತು, ಟಗರಿಗೆ ನೋವಾಗದಂತೆ ಕಿವಿಯನ್ನು ಅಂಗೈಯಲ್ಲಿ ಹಿಡಿದು, ಕಚ್ಚು ಮುಚ್ಚುವ ಹಾಗೆ ಗಂಟು ಹಾಕಿದಳು. ಟಗರು ಸುಮ್ಮನೆ ತಲೆ ಬಗ್ಗಿಸಿಕೊಂಡಿತ್ತು. ಆಮೇಲೆ ಎದ್ದು, ತನ್ನ ಲಂಗದ ತುದಿಯನ್ನೆತ್ತಿ ಮಾಮನನ್ನು ಬಗ್ಗಲು ಹೇಳಿದಳು. ಅವನು ಬಗ್ಗಿದ. ಅವನ ಹಣೆಯ ಭಂಡಾರವನ್ನು ಅವಳು ಚೆನ್ನಾಗಿ ಒರೆಸಿದಳು.

“ನೀ ಹೋಗು ಮಾಮ,” ಅಂದಳು. “ಇಲ್ಲೇ ನಿಂತ್ರ ನಿನಗೂ ನಗತಾರ.”